ಹೆಪ್ಪುಗಟ್ಟಿದ ಕೆರೆ ಮೇಲೆ ನಮ್ಮ ಟೆಂಟಿಗೆ ಆಫೀಸರ್ ಬಂದಿದ್ದರು. ಇವರು ಯಾರು, ಏನು ನೋಡುತ್ತಾರೆ?

ಸಾಗರದವಳು
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರಿಗೆ ಬಂದು ಎರಡು ವರ್ಷ ಆಯಿತು. ನಾನು, ನಮ್ಮ ಯಜಮಾನರು, 11 ವರ್ಷದ ಮಗ. ನಿನ್ನೆ ಶನಿವಾರ ಮೊದಲ ಸಲ ಐಸ್ ಫಿಶಿಂಗಿಗೆ, ಅಂದರೆ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿಯಲು, ಹೋಗಿದ್ದೆವು. ಯಜಮಾನರ ಆಫೀಸಿನವರೊಬ್ಬರು ಬ್ರೈನರ್ಡ್ ಹತ್ತಿರದ ಒಂದು ಕೆರೆಗೆ ಕರೆದುಕೊಂಡು ಹೋಗಿದ್ದರು. ಟೆಂಟು, ಹೀಟರು, ಐಸ್ ಕೊರೆಯುವ ಆಗರ್ ಎಲ್ಲ ಅವರದ್ದೇ.

ಮಧ್ಯಾಹ್ನ ಮೂರು ಗಂಟೆ ಇರಬೇಕು. ಗಂಡಸರಿಬ್ಬರೂ ಕಾರಿನಿಂದ ಊಟದ ಡಬ್ಬಿ ತರಲು ದಡಕ್ಕೆ ಹೋಗಿದ್ದರು. ಟೆಂಟಿನಲ್ಲಿ ನಾನು, ಮಗ ಇಬ್ಬರೇ. ಯಜಮಾನರ ಗಾಳ ನನ್ನ ಕೈಯಲ್ಲಿತ್ತು. ಹೊರಗೆ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಬೈಕಿನಂಥ ಗಾಡಿ) ಬಂದು ನಿಂತ ಸದ್ದಾಯಿತು. ಯಾರೋ ಟೆಂಟಿನ ಬಟ್ಟೆ ಮೇಲೆ ತಟ್ಟಿದರು. "ಕನ್ಸರ್ವೇಶನ್ ಆಫೀಸರ್, ಒಳಗೆ ಬರಬಹುದಾ?" ಅಂದರು.

ಹೂಂ ಅಂದೆ. ಬಾಗಿ ಒಳಗೆ ಬಂದರು. ಎತ್ತರದ ಆಳು, ಕೈಯಲ್ಲಿ ಹೆಲ್ಮೆಟ್, ಗಡ್ಡದ ಮೇಲೆಲ್ಲ ಮಂಜು ಗಟ್ಟಿಯಾಗಿತ್ತು. ಸೊಂಟದಲ್ಲಿ ಪಿಸ್ತೂಲು. ನನ್ನ ಎದೆ ಧಸಕ್ ಅಂದಿತು. ಮಗ ನನ್ನ ಜಾಕೆಟ್ ಹಿಡಿದುಕೊಂಡ.

ಯಾವ ಗಾಳ ಯಾರದ್ದು ಅಂತ ಕೇಳಿದರು. ಬಕೆಟ್‌ನಲ್ಲಿದ್ದ ಮೀನು ಎಣಿಸಿದರು. ಐದು ಕ್ರ್ಯಾಪಿ, ಒಂದು ನಾರ್ದರ್ನ್ ಪೈಕ್. ಪೈಕನ್ನು ಅಳತೆಪಟ್ಟಿಯ ಮೇಲೆ ಇಟ್ಟು ನೋಡಿದರು, 20 ಇಂಚು. ಆಮೇಲೆ ನನ್ನ ಲೈಸೆನ್ಸ್ ಕೇಳಿದರು. ನನ್ನ ಹತ್ತಿರ ಇಲ್ಲ. ಯಜಮಾನರಿಗೆ ಮಾತ್ರ ಮಾಡಿಸಿದ್ದೆವು. "ಗಾಳ ಕೈಯಲ್ಲಿ ಹಿಡಿದರೆ ಅದೂ ಮೀನು ಹಿಡಿಯುವುದೇ. ಈ ಸಲ ಎಚ್ಚರಿಕೆ ಕೊಟ್ಟು ಬಿಡುತ್ತೇನೆ, ಇನ್ನೊಮ್ಮೆ ಬರುವಾಗ ಲೈಸೆನ್ಸ್ ಮಾಡಿಸಿ" ಅಂದರು. ಗದರಲಿಲ್ಲ. ಮೀನನ್ನು ಹೇಗೆ ಅಳೆಯಬೇಕು ಅಂತ ಮಗನಿಗೆ ತೋರಿಸಿದರು. ಬಾಯಿ ಮುಚ್ಚಿಸಬೇಕಂತೆ, ಬಾಲದ ಎರಡು ತುದಿಯನ್ನೂ ಒತ್ತಿ ಸೇರಿಸಬೇಕಂತೆ. ಹೋಗುವಾಗ, "ಆ ಮೂಲೆಯ ಕಡೆ ಮಗುವನ್ನು ಬಿಡಬೇಡಿ, ಅಲ್ಲಿ ಹಳ್ಳ ಬಂದು ಸೇರುತ್ತೆ, ಐಸ್ ತೆಳ್ಳಗಿದೆ" ಅಂದರು.

ಅಷ್ಟೇ ನಡೆದದ್ದು. ಆದರೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಇವರು ಪೊಲೀಸರಾ, ಅರಣ್ಯ ಇಲಾಖೆಯವರಾ? ಇಡೀ ಚಳಿಗಾಲ ಹೀಗೆ ಟೆಂಟಿಂದ ಟೆಂಟಿಗೆ ತಿರುಗುತ್ತಾರಾ? ಮುಂದಿನ ತಿಂಗಳು ಯಜಮಾನರಿಗೆ ಸ್ನೋಮೊಬೈಲ್ ಬಾಡಿಗೆಗೆ ತೆಗೆದುಕೊಳ್ಳುವ ಆಸೆ ಬೇರೆ. ತಿಳಿದವರು ದಯವಿಟ್ಟು ಹೇಳಿ.

ನೇತ್ರಾವತಿ_ತೀರ
ಭಾನುವಾರ, ರಾತ್ರಿ 10:25

ಅಕ್ಕಾ, ನಿಮಗೆ ಒಳ್ಳೆಯವರು ಸಿಕ್ಕಿದರು. ನನ್ನ ಅನುಭವ ಹಾಗಿಲ್ಲ. ನಾನಿರುವುದು ಮಿನಿಯಾಪೊಲಿಸ್ ಪಕ್ಕ. ಮಂಗಳೂರಿನವನು, ಮೀನಿಲ್ಲದೆ ಆಗುವುದಿಲ್ಲ. ಕಳೆದ ವರ್ಷ ಉತ್ತರದ ಒಂದು ಕೆರೆಯಲ್ಲಿ ಮೂರು ವಾಲ್‌ಐ ಮೀನು ಸಿಕ್ಕಿತು. ಮನೆಗೆ ಹೋಗಿ ಗಲೀಜು ಮಾಡುವುದು ಬೇಡ ಅಂತ ಐಸ್ ಮೇಲೆಯೇ ಮುಳ್ಳು ತೆಗೆದು, ತುಂಡು ಮಾಡಿ, ಚೀಲಕ್ಕೆ ಹಾಕಿಕೊಂಡೆ. ದಡದಲ್ಲಿ ಒಬ್ಬ ಆಫೀಸರ್ ನಿಲ್ಲಿಸಿದರು. ಚೀಲ ಬಿಚ್ಚಿಸಿದರು. ದಂಡ ಹಾಕಿದರು. ಮೂರೇ ಮೂರು ಮೀನು! ಮಿತಿಗಿಂತ ಕಡಿಮೆಯೇ ಇತ್ತು. ಲೈಸೆನ್ಸ್ ಕೂಡ ಇತ್ತು. ನನ್ನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಆಮೇಲೆ ಆ ಕಡೆ ಹೋಗಲು ಮನಸ್ಸೇ ಬಂದಿಲ್ಲ.

ಸಂಡೂರು_ಟು_ರೇಂಜ್
ಸೋಮವಾರ, ಬೆಳಿಗ್ಗೆ 5:50

ತಂಗಿ, ಹೆದರಬೇಡಿ. ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಸಂಡೂರಿನವನು. ಅಲ್ಲಿ ಅದಿರಿನ ಗಣಿಯಲ್ಲಿ ಎಲೆಕ್ಟ್ರಿಕಲ್ ಕೆಲಸ ಕಲಿತೆ. ಅದೇ ಕೆಲಸ ನನ್ನನ್ನು ಇಲ್ಲಿಯ ಕಬ್ಬಿಣದ ಗಣಿಗಳ ಸೀಮೆಗೆ, ಐರನ್ ರೇಂಜಿಗೆ ತಂದಿತು. ಇಲ್ಲಿಗೆ ಬಂದು 17 ವರ್ಷ. ಸ್ನೋಮೊಬೈಲ್ ಕ್ಲಬ್ಬಿನ ಸದಸ್ಯ. ಎಂಟು ವರ್ಷದಿಂದ ಮಕ್ಕಳಿಗೆ ಸ್ನೋಮೊಬೈಲ್ ಸುರಕ್ಷತೆಯ ಕ್ಲಾಸಿನಲ್ಲಿ ಪಾಠ ಹೇಳುತ್ತೇನೆ, ಸಂಬಳವಿಲ್ಲದ ಕೆಲಸ. ಈ ಆಫೀಸರುಗಳು ಆ ಕ್ಲಾಸಿಗೆ ಬರುತ್ತಾರೆ, ಹಾಗಾಗಿ ಪರಿಚಯ.

ಇವರು ಪೊಲೀಸರೇ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಸೇರಿದವರು, ಎಲ್ಲರೂ ಡಿಎನ್ಆರ್ ಅನ್ನುತ್ತಾರೆ. ಪೊಲೀಸರಿಗಿರುವ ಅಧಿಕಾರ ಇವರಿಗೂ ಇದೆ. ಕ್ಯಾಂಪ್ ರಿಪ್ಲಿ ಅನ್ನುವ ಮಿಲಿಟರಿ ಶಿಬಿರದಲ್ಲಿ ತರಬೇತಿ. ಮಿನೆಸೋಟದಲ್ಲಿ ಈ ಕೆಲಸ 1887ರಿಂದ ಇದೆ. ಹಳಬರು ಈಗಲೂ "ಗೇಮ್ ವಾರ್ಡನ್" ಅಂತಲೇ ಕರೆಯುತ್ತಾರೆ. ಇಡೀ ರಾಜ್ಯಕ್ಕೆ ಇವರ ಸಂಖ್ಯೆ ಇನ್ನೂರು ದಾಟುವುದಿಲ್ಲ. ಒಬ್ಬೊಬ್ಬರಿಗೂ ನೂರಾರು ಚದರ ಮೈಲಿ.

ನಿಮ್ಮ ವಿಷಯಕ್ಕೆ ಬರೋಣ. ಚಳಿಗಾಲದಲ್ಲಿ ಒಬ್ಬರಿಗೆ ಎರಡು ಗಾಳ ಬಿಡಬಹುದು. ಬೇಸಿಗೆಯಲ್ಲಿ ಒಂದೇ. ಟಿಪ್-ಅಪ್ ಅಂತ ಒಂದಿದೆ, ಮೀನು ಕಚ್ಚಿದರೆ ಬಾವುಟ ಎದ್ದು ನಿಲ್ಲುತ್ತದೆ. ಅದನ್ನು ಇಟ್ಟವರು 200 ಅಡಿಯೊಳಗೆ ಇರಬೇಕು. 16 ವರ್ಷದೊಳಗಿನ ಇಲ್ಲಿನ ಮಕ್ಕಳಿಗೆ ಲೈಸೆನ್ಸ್ ಬೇಡ, ನಿಮ್ಮ ಮಗನದು ಸರಿಯಾಗಿತ್ತು. ನಿಮಗೆ ಬೇಕಿತ್ತು. ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ರಜೆಯ ಮೂರು ದಿನ ಮಾತ್ರ, 15 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದ ಮಿನೆಸೋಟದ ದೊಡ್ಡವರಿಗೂ ಲೈಸೆನ್ಸ್ ಬೇಡ. ಆ ಮೂರು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಲೈಸೆನ್ಸ್ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನುವುದೂ ಗೊತ್ತಿರಲಿ. ಮೀನು ಮತ್ತು ಕಾಡುಪ್ರಾಣಿಗಳಿಗೆಂದೇ ಇಟ್ಟ ನಿಧಿಗೆ ಹೋಗುತ್ತದೆ. ಮರಿ ಬಿಡುವುದು, ಕೆರೆಯಲ್ಲಿ ಮೀನು ಎಷ್ಟಿದೆ ಅಂತ ಬಲೆ ಹಾಕಿ ಎಣಿಸುವುದು, ದೋಣಿ ಇಳಿಸುವ ಜಾಗ ಮಾಡುವುದು. ನೀವು ಗಾಳ ಕೊಂಡರೂ ಅದರ ಬೆಲೆಯಲ್ಲಿ ಒಂದು ತೆರಿಗೆ ಇದೆ. 1950ರ ಕಾನೂನಿನಿಂದ ಅದು ಮೀನಿನ ಕೆಲಸಕ್ಕೇ ರಾಜ್ಯಗಳಿಗೆ ಬರುತ್ತದೆ.

ಇನ್ನು ಟೆಂಟಿನ ವಿಷಯ. ಅವರು ತಟ್ಟಿ, ಕೇಳಿ ಒಳಗೆ ಬಂದರು ಅಂದಿರಿ. ಅದು ಬರೀ ಸೌಜನ್ಯ ಅಲ್ಲ. ಮೀನು ಹಿಡಿಯಲು ಐಸ್ ಮೇಲೆ ಎಳೆದು ತಂದು ಇಡುವ ಪುಟ್ಟ ಮನೆಗೆ ಇಲ್ಲಿ ಮೀನಿನ ಮನೆ ಅನ್ನುತ್ತಾರೆ. ಹಿಂದೆ ಒಬ್ಬ ಆಫೀಸರ್ ಅನುಮತಿ ಕೇಳದೆ ಅಂಥ ಒಂದು ಮನೆಯ ಬಾಗಿಲು ತೆಗೆದು ಒಳಗೆ ಹೋದ. ಕೇಸು ಮಿನೆಸೋಟ ಸುಪ್ರೀಂ ಕೋರ್ಟಿಗೆ ಹೋಯಿತು. ಐಸ್ ಮೇಲಿನ ಮನೆಯಲ್ಲೂ ಮನುಷ್ಯನಿಗೆ ತನ್ನದೇ ಅನ್ನುವ ಏಕಾಂತ ಇದೆ, ವಾರಂಟ್ ಇಲ್ಲದೆ, ಒಪ್ಪಿಗೆ ಇಲ್ಲದೆ ಸುಮ್ನೆ ನುಗ್ಗುವ ಹಾಗಿಲ್ಲ ಅಂತ 2002ರಲ್ಲಿ ತೀರ್ಪು ಬಂತು. ಜನ ಅಲ್ಲಿ ಮಲಗುತ್ತಾರೆ, ಅಡುಗೆ ಮಾಡುತ್ತಾರೆ, ಬಟ್ಟೆ ಬದಲಿಸುತ್ತಾರೆ. ಅದು ನನಗೆ ತುಂಬ ಹಿಡಿಸಿದ ತೀರ್ಪು. ಕೇಳಿ ಬರುವವರಿಗೆ ನಾನು ಯಾವಾಗಲೂ ಬನ್ನಿ ಅನ್ನುತ್ತೇನೆ, ಬಿಸಿ ಕಾಫಿ ಇದ್ದರೆ ಒಂದು ಲೋಟ ಕೊಡುತ್ತೇನೆ.

@ನೇತ್ರಾವತಿ_ತೀರ, ನಿಮ್ಮ ಮಾತನ್ನು ಕೇಳಿಸಿಕೊಳ್ಳದೆ ಹೋದದ್ದು ಸರಿಯಲ್ಲ. ಆದರೆ ದಂಡ ಯಾಕೆ ಬಿತ್ತು ಅನ್ನುವುದನ್ನು ಹೇಳಲೇಬೇಕು. ಕೆಲವು ಕೆರೆಗಳಲ್ಲಿ ಉದ್ದದ ವಿಶೇಷ ನಿಯಮ ಇರುತ್ತದೆ. ಇಷ್ಟು ಇಂಚಿನಿಂದ ಇಷ್ಟು ಇಂಚಿನವರೆಗಿನ ಮೀನನ್ನು ವಾಪಸ್ ಬಿಡಬೇಕು. ಆ ಕೆರೆಯ ಮೇಲೆ ಇರುವಷ್ಟು ಹೊತ್ತು ಮೀನು ತಲೆ, ಬಾಲ ಸಮೇತ ಇಡಿಯಾಗಿರಬೇಕು. ತುಂಡು ಮಾಡಿದ ಮೀನಿನ ಉದ್ದ ಯಾರಿಗೂ ಗೊತ್ತಾಗಲ್ಲ ಅಲ್ವಾ? ನಿಯಮ ಮುರಿದವರೂ, ನಿಮ್ಮ ಹಾಗೆ ಸರಿಯಾಗಿ ಹಿಡಿದವರೂ ಚೀಲದಲ್ಲಿ ಒಂದೇ ಥರ ಕಾಣುತ್ತಾರೆ. ವಿಶೇಷ ನಿಯಮ ಇಲ್ಲದ ಕಡೆ ತುಂಡು ಮಾಡಿದರೂ ಒಂದು ಇಂಚು ಚದರದಷ್ಟು ಚರ್ಮವನ್ನು ಹುರುಪೆ ಸಮೇತ ಉಳಿಸಬೇಕು. ಯಾವ ಜಾತಿ ಅಂತ ಅದರಿಂದ ತಿಳಿಯುತ್ತದೆ.

ದೊಡ್ಡ ವಾಲ್‌ಐ ಸಾಮಾನ್ಯವಾಗಿ ಹೆಣ್ಣು. ಮೊಟ್ಟೆ ಇಡುವ ತಾಯಿ. ಅದನ್ನು ಬಿಟ್ಟರೆ ಕೆರೆ ತುಂಬುತ್ತದೆ. ಪೈಕಿನದು ಬೇರೆ ಲೆಕ್ಕ. ಬ್ರೈನರ್ಡ್ ಕಡೆಯ ಕೆರೆಗಳಲ್ಲಿ ಸಣ್ಣ ಪೈಕ್ ಜಾಸ್ತಿಯಾಗಿಬಿಟ್ಟಿತ್ತು. ಇಲ್ಲಿಯವರು ಅದನ್ನು "ಹ್ಯಾಮರ್ ಹ್ಯಾಂಡಲ್" ಅನ್ನುತ್ತಾರೆ, ಸುತ್ತಿಗೆಯ ಹಿಡಿಯಷ್ಟೇ ಗಾತ್ರ. ಹಾಗಾಗಿ 2018ರಲ್ಲಿ ರಾಜ್ಯವನ್ನು ಮೂರು ವಲಯ ಮಾಡಿದರು. ನೀವು ಹೋದ ವಲಯದಲ್ಲಿ ಪೈಕ್ ಹತ್ತರವರೆಗೆ ಇಟ್ಟುಕೊಳ್ಳಬಹುದು. ಆದರೆ 22ರಿಂದ 26 ಇಂಚಿನದು ಬಿಡಲೇಬೇಕು, 26 ದಾಟಿದ್ದು ಎರಡಕ್ಕಿಂತ ಜಾಸ್ತಿ ಇರಬಾರದು. ಸಣ್ಣದನ್ನು ತಿನ್ನಿ, ನಡುವಿನದನ್ನು ಬೆಳೆಯಲು ಬಿಡಿ ಅಂತ. ತಂಗಿ, ನಿಮ್ಮ 20 ಇಂಚಿನದು ಸರಿಯಾದ ಮೀನು. ಚೆನ್ನಾಗಿ ಮಸಾಲೆ ಹಚ್ಚಿ ಹುರಿಯಿರಿ. ಮುಳ್ಳು ಜಾಸ್ತಿ, ಮಗನಿಗೆ ನೋಡಿ ಕೊಡಿ.

ಶಿಫ್ಟಿಗೆ ಹೊತ್ತಾಯಿತು. ಸ್ನೋಮೊಬೈಲ್ ವಿಷಯ ರಾತ್ರಿ ಬರೆಯುತ್ತೇನೆ. ಅದು ಇದಕ್ಕಿಂತ ಮುಖ್ಯ.

ನೇತ್ರಾವತಿ_ತೀರ
ಸೋಮವಾರ, ಮಧ್ಯಾಹ್ನ 12:15

ಚರ್ಮದ ವಿಷಯ, ಇಡೀ ಮೀನಿನ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಅಣ್ಣ. ಅವರು ಹೀಗೆ ಎರಡು ಮಾತು ಹೇಳಿದ್ದರೆ ನಾನು ಒಂದು ವರ್ಷ ಸಿಟ್ಟು ಇಟ್ಟುಕೊಳ್ಳುತ್ತಿರಲಿಲ್ಲ.

ಸಾಗರದವಳು
ಸೋಮವಾರ, ಮಧ್ಯಾಹ್ನ 1:05

ಅಣ್ಣಾ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ಯಜಮಾನರಿಗೆ ಓದಿ ಹೇಳಿದೆ. ನನ್ನ ಲೈಸೆನ್ಸ್ ಈಗಲೇ ಆನ್‌ಲೈನಿನಲ್ಲಿ ಮಾಡಿಸಿದರು, 25 ಡಾಲರ್.

ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಆ ಮೂಲೆಯಲ್ಲಿ ಐಸ್ ತೆಳ್ಳಗಿದೆ ಅಂದರಲ್ಲ, ಅವರು ಬರುವ ಅರ್ಧ ಗಂಟೆ ಮೊದಲು ನನ್ನ ಮಗ ಅಲ್ಲೇ ಜಾರಿ ಆಡುತ್ತಿದ್ದ. ನೋಡಲು ಎಲ್ಲ ಕಡೆ ಒಂದೇ ಬಿಳಿ. ನಾವು ಟೆಂಟ್ ಹಾಕಿದ್ದ ಜಾಗದಲ್ಲಿ 12 ಇಂಚು ಇತ್ತು. ಅಷ್ಟು ಹತ್ತಿರದಲ್ಲಿ ಹೇಗೆ ತೆಳ್ಳಗಾಗುತ್ತೆ?

ಸಂಡೂರು_ಟು_ರೇಂಜ್
ಸೋಮವಾರ, ರಾತ್ರಿ 8:30

ತಂಗಿ, ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಕೆರೆ ಒಂದೇ ಸಮ ಹೆಪ್ಪುಗಟ್ಟುವುದಿಲ್ಲ. ಹಳ್ಳ ಬಂದು ಸೇರುವ ಜಾಗ, ನೀರು ಹೊರಗೆ ಹೋಗುವ ಜಾಗ, ಎರಡು ದಡ ಹತ್ತಿರ ಬರುವ ಇಕ್ಕಟ್ಟು, ತಳದಲ್ಲಿ ಊಟೆ ಇರುವ ಕಡೆ, ಅಲ್ಲೆಲ್ಲ ನೀರು ಹರಿಯುತ್ತಲೇ ಇರುತ್ತದೆ. ಹರಿಯುವ ನೀರು ಐಸನ್ನು ಕೆಳಗಿನಿಂದ ತಿನ್ನುತ್ತದೆ. ಬಾತುಗಳ ಹಿಂಡು ಒಂದೇ ಕಡೆ ಈಜುತ್ತಿದ್ದರೂ ಅಲ್ಲಿ ತಡವಾಗಿ ಕಟ್ಟುತ್ತದೆ. ಮೇಲೆ ಹಿಮ ಬಿದ್ದರೆ ಅದು ಕಂಬಳಿ ಹೊದಿಸಿದ ಹಾಗೆ, ಚಳಿಯನ್ನು ಕೆಳಗೆ ಬಿಡುವುದಿಲ್ಲ. ಎಲ್ಲ ಬೆಳ್ಳಗೆ ಕಾಣುವುದು ಹಿಮ. ಐಸ್ ಅದರ ಕೆಳಗಿದೆ.

ನಡೆಯಲು 4 ಇಂಚು ಗಟ್ಟಿ ಐಸ್ ಬೇಕು. ಸ್ನೋಮೊಬೈಲಿಗೆ 5ರಿಂದ 7. ಸಣ್ಣ ಕಾರಿಗೆ 9ರಿಂದ 10, ಪಿಕಪ್ ಟ್ರಕ್ಕಿಗೆ 13. ಇದು ಗಾಜಿನ ಹಾಗಿರುವ ಹೊಸ ಐಸಿನ ಲೆಕ್ಕ. ಹಾಲಿನ ಹಾಗೆ ಬಿಳಿಯಾಗಿದ್ದರೆ ಇದರ ಎರಡು ಪಟ್ಟು ಬೇಕು. ಹೋಗುವಾಗ ಸ್ಪಡ್ ಬಾರ್ ಅಂತ ಕೈಯಲ್ಲಿ ಹಿಡಿಯುತ್ತೇವೆ, ನಮ್ಮೂರಿನ ಹಾರೆಯೇ. ಮುಂದೆ ಕುಕ್ಕುತ್ತಾ ನಡೆಯಬೇಕು. ಒಂದೇಟಿಗೆ ತೂತು ಬಿದ್ದು ನೀರು ಬಂದರೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಕನಿಷ್ಠ 150 ಅಡಿಗೊಮ್ಮೆ ಕೊರೆದು ಅಳೆಯಬೇಕು. ಇಲಾಖೆ ಯಾವ ಕೆರೆಯ ಐಸನ್ನೂ ಅಳೆದು ಇದು ಸುರಕ್ಷಿತ ಅಂತ ಹೇಳುವುದಿಲ್ಲ. ನಾವೇ ನೋಡಿಕೊಳ್ಳಬೇಕು.

ಅಪ್ಪರ್ ರೆಡ್ ಲೇಕ್ ಹೆಸರು ಕೇಳಿರಬಹುದು. 2022ರ ನವೆಂಬರ್ 28ರಂದು ಅಲ್ಲಿ ಐಸಿನ ಒಂದು ಭಾಗ ದಡದಿಂದ ಬೇರೆಯಾಗಿ ಸುಮಾರು 200 ಜನ ಅದರ ಮೇಲೆ ಸಿಕ್ಕಿಕೊಂಡರು. ಮುಂದಿನ ವರ್ಷ ಡಿಸೆಂಬರ್ 29ರಂದು ಮತ್ತೆ ಅದೇ ಕೆರೆ, 122 ಜನರನ್ನು ಕರೆತಂದರು. ಜೋರು ಗಾಳಿ ಎದ್ದರೆ ದೊಡ್ಡ ಕೆರೆಯ ಐಸ್ ಬಿರಿದು ತೇಲಬಹುದು. ಕಾರು ಮುಳುಗಿದರೆ ಮಾಲೀಕರೇ 30 ದಿನದಲ್ಲಿ ಮೇಲೆತ್ತಿಸಬೇಕು.

ಈಗ ಸ್ನೋಮೊಬೈಲ್. ಇಲ್ಲಿಯವರು ಸ್ಲೆಡ್ ಅನ್ನುತ್ತಾರೆ. ರಾಜ್ಯದಲ್ಲಿ 22,000 ಮೈಲಿಯಷ್ಟು ದಾರಿ ಇದೆ. ಹೆಚ್ಚಿನದನ್ನು ನಮ್ಮಂಥ ಕ್ಲಬ್ಬಿನವರೇ ನೋಡಿಕೊಳ್ಳುತ್ತೇವೆ. ಬಿದ್ದ ಮರ ಕಡಿಯುವುದು, ಫಲಕ ನೆಡುವುದು, ರಾತ್ರಿ ಯಂತ್ರ ಎಳೆದು ಹಿಮವನ್ನು ಸಮ ಮಾಡುವುದು. ನಮ್ಮ ಕಡೆಯ ಟ್ಯಾಕೊನೈಟ್ ಟ್ರೇಲ್ ಗ್ರ್ಯಾಂಡ್ ರ್‍ಯಾಪಿಡ್ಸ್‌ನಿಂದ ಈಲೀವರೆಗೆ 165 ಮೈಲಿ. ಟ್ಯಾಕೊನೈಟ್ ಅಂದರೆ ಇಲ್ಲಿಯ ಕಬ್ಬಿಣದ ಅದಿರು. ಸಂಡೂರಿನ ಅದಿರು ಕೆಂಪು, ಇದು ಬೂದು. ನನಗೆ ಆ ಹೆಸರು ಕೇಳಿದರೇ ಏನೋ ಮನೆಯ ಸಂಬಂಧ ಅನ್ನಿಸುತ್ತದೆ.

1976ರ ಡಿಸೆಂಬರ್ 31ರ ನಂತರ ಹುಟ್ಟಿದ ಮಿನೆಸೋಟದವರು ಸರ್ಕಾರಿ ಜಾಗದಲ್ಲಿ, ಕೆರೆಯ ಮೇಲೆ ಓಡಿಸಬೇಕಾದರೆ ಸುರಕ್ಷತೆಯ ಸರ್ಟಿಫಿಕೇಟ್ ಬೇಕು. ಬಾಡಿಗೆ ಗಾಡಿಗೂ ಅಷ್ಟೇ. ದೊಡ್ಡವರು ಆನ್‌ಲೈನಿನಲ್ಲೇ ಮುಗಿಸಬಹುದು. ನಿಮ್ಮ ಮಗನಿಗೆ 11 ತುಂಬಿದ್ದರೆ ಕ್ಲಾಸಿಗೆ ಸೇರಬಹುದು, ಸರ್ಟಿಫಿಕೇಟ್ ಜಾರಿಗೆ ಬರುವುದು 12 ಆದ ಮೇಲೆ. 18ರೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ನನ್ನ ಕೇಳಿದರೆ ಎಲ್ಲರಿಗೂ ಬೇಕು.

ಕೆರೆಯ ಮೇಲೆ 50 ಮೈಲಿ ವೇಗದ ಮಿತಿ ಇದೆ. ಬಯಲು ಕಂಡಾಗ ಜನ 80, 90ರಲ್ಲಿ ಹಾರಿಸುತ್ತಾರೆ. ಆಫೀಸರುಗಳು ರೇಡಾರ್ ಹಿಡಿದು ದಡದ ಮರಗಳ ನೆರಳಲ್ಲಿ ನಿಂತಿರುತ್ತಾರೆ. ನೋಂದಣಿ ಸಂಖ್ಯೆ, ಟ್ರೇಲ್ ಸ್ಟಿಕ್ಕರ್, ಸದ್ದು ಜಾಸ್ತಿ ಮಾಡಲು ಸೈಲೆನ್ಸರ್ ಬದಲಿಸಿದ್ದಾರಾ, ಇದೆಲ್ಲ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಯಿಂದ ವಾಸನೆ ಬರುತ್ತಾ ಅಂತ ನೋಡುತ್ತಾರೆ. ಇಲ್ಲಿ ಟ್ರೇಲ್ ಪಕ್ಕದಲ್ಲೇ ಬಾರುಗಳಿವೆ. ಒಂದರಿಂದ ಇನ್ನೊಂದಕ್ಕೆ ಸ್ಲೆಡ್ಡಿನಲ್ಲೇ ಹೋಗುವ ರೂಢಿ.

2018ರ ಜನವರಿಯಲ್ಲಿ ಚಿಸಾಗೊ ಲೇಕ್ ಮೇಲೆ 8 ವರ್ಷದ ಒಬ್ಬ ಹುಡುಗ ಮನೆಯವರ ಜೊತೆ ಮೀನು ಹಿಡಿಯಲು ತಯಾರಿ ಮಾಡುತ್ತಿದ್ದ. ಕುಡಿದು ಸ್ನೋಮೊಬೈಲ್ ಓಡಿಸುತ್ತಿದ್ದವನು ಬಂದು ಗುದ್ದಿದ. ಹುಡುಗ ಉಳಿಯಲಿಲ್ಲ. ಗುದ್ದಿದವನು ಮೊದಲೇ ಕುಡಿದು ಓಡಿಸಿ ಕಾರಿನ ಲೈಸೆನ್ಸ್ ಕಳೆದುಕೊಂಡಿದ್ದ, ಆದರೂ ಸ್ಲೆಡ್ ಓಡಿಸಲು ಅಂದಿನ ಕಾನೂನಿನಲ್ಲಿ ಅಡ್ಡಿ ಇರಲಿಲ್ಲ. ಅದೇ ವರ್ಷ ಆಗಸ್ಟಿನಿಂದ ಹೊಸ ಕಾನೂನು ಬಂತು, ಆ ಮಗುವಿನ ಹೆಸರಿನಲ್ಲೇ, "ಲಿಟಲ್ ಅಲನ್ಸ್ ಲಾ". ಈಗ ಕುಡಿದು ಏನನ್ನು ಓಡಿಸಿ ಸಿಕ್ಕಿಬಿದ್ದರೂ ಕಾರು, ಸ್ಲೆಡ್ ಎರಡನ್ನೂ ಓಡಿಸುವ ಹಕ್ಕು ಹೋಗುತ್ತದೆ. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಪ್ರತಿ ಸಲ ನನಗೆ ಗಂಟಲು ಕಟ್ಟುತ್ತದೆ. ಎದುರಿಗೆ ಕೂತಿರುವುದು ಅವನಿಗಿಂತ ಸ್ವಲ್ಪವೇ ದೊಡ್ಡ ಮಕ್ಕಳು.

ಹೊರಡುವಾಗ ಕೊರಳಿಗೆ ಐಸ್ ಪಿಕ್ ಹಾಕಿಕೊಳ್ಳಿ. ಎರಡು ಮರದ ಹಿಡಿ, ತುದಿಯಲ್ಲಿ ಮೊಳೆ, ನಡುವೆ ದಾರ. ನೀರಿಗೆ ಬಿದ್ದರೆ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಬರಬೇಕು. ಆಮೇಲೆ ಸುಮಾರು 10 ನಿಮಿಷ ಕೈಕಾಲು ಮಾತು ಕೇಳುತ್ತವೆ. ಚಳಿಗೆ ಪ್ರಜ್ಞೆ ಹೋಗಲು ಸುಮಾರು 1 ಗಂಟೆ ಬೇಕು. ಹಾಗಾಗಿ ಗಾಬರಿಯಾಗದೆ ಬಂದ ದಿಕ್ಕಿಗೇ ತಿರುಗಬೇಕು, ಆ ಐಸ್ ನಿಮ್ಮನ್ನು ಹೊತ್ತಿತ್ತು. ಮೊಳೆ ಚುಚ್ಚಿ, ಕಾಲು ಒದ್ದು, ಹೊಟ್ಟೆಯ ಮೇಲೆ ಜಾರಿ ಹೊರಬರಬೇಕು. ಎದ್ದು ನಿಲ್ಲಬಾರದು, ಉರುಳಿಕೊಂಡೇ ದೂರ ಹೋಗಬೇಕು.

ಕಾಕನಕೋಟೆ
ಮಂಗಳವಾರ, ಬೆಳಿಗ್ಗೆ 7:10

ಮೈಸೂರಿನಿಂದ ಓದುತ್ತಿದ್ದೇನೆ. ನಾನು ಹಿಮ ನೋಡಿದವನಲ್ಲ. ನಮ್ಮ ತಂದೆ ಫಾರೆಸ್ಟ್ ಗಾರ್ಡ್ ಆಗಿದ್ದರು. ಕಾಡಿನ ಗಸ್ತಿಗೆ ಯಾವತ್ತೂ ಇಬ್ಬರು ಮೂವರು ಸೇರಿ ಹೋಗುತ್ತಿದ್ದರು, ಆನೆ ಭಯಕ್ಕೆ. ಇಲ್ಲಿ ಓದಿದರೆ ಆ ಆಫೀಸರ್ ಒಬ್ಬರೇ ಬಂದ ಹಾಗಿದೆ. ಅಷ್ಟು ಚಳಿಯಲ್ಲಿ, ಅಷ್ಟು ದೂರ, ಒಬ್ಬರೇ ತಿರುಗುತ್ತಾರಾ ಸರ್? ಮೀನು ಎಣಿಸುವುದು ಬಿಟ್ಟು ಮತ್ತೇನು ಕೆಲಸ?

ಸಂಡೂರು_ಟು_ರೇಂಜ್
ಮಂಗಳವಾರ, ರಾತ್ರಿ 9:15

ಹೌದು ಸರ್, ಹೆಚ್ಚಾಗಿ ಒಬ್ಬರೇ. ನಿಮ್ಮ ತಂದೆಯವರ ಮಗನಾಗಿ ನೀವು ಸರಿಯಾದ ಪ್ರಶ್ನೆಯನ್ನೇ ಕೇಳಿದಿರಿ.

ಕೆಲಸ ಬೇಕಾದಷ್ಟಿದೆ. ಬಲೆಗೆ ಬಿದ್ದ ಬಾಬ್‌ಕ್ಯಾಟ್, ನೀರುನಾಯಿಯ ತುಪ್ಪಳವನ್ನು ಬೇಟೆಗಾರರು ತಂದು ನೋಂದಾಯಿಸಬೇಕು, ಅದನ್ನು ನೋಡುವುದು. ಆಳ ಹಿಮದಲ್ಲಿ ಜಿಂಕೆಗೆ ಓಡಲು ಆಗುವುದಿಲ್ಲ, ಊರಿನ ನಾಯಿಗಳು ಅಟ್ಟಿಸಿಕೊಂಡು ಹೋಗಿ ಕೊಲ್ಲುತ್ತವೆ, ಆ ದೂರಿಗೆ ಓಡುವುದು. ಬೆಳಕು ಬಾರದ ಹಾಗೆ ಮುಚ್ಚಿದ ಮೀನಿನ ಮನೆಯಲ್ಲಿ ಕೂತು ಈಟಿಯಿಂದ ಪೈಕ್ ಹೊಡೆಯುವವರನ್ನು ನೋಡುವುದು. ಮೀನಿನ ಮನೆಯ ಮೇಲೆ ಮಾಲೀಕನ ಗುರುತು 2 ಇಂಚಿನ ಅಕ್ಷರದಲ್ಲಿ ಇದೆಯಾ, ರಾತ್ರಿ ಬಿಟ್ಟು ಹೋಗುವ ಮನೆಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇದೆಯಾ ಅಂತ ನೋಡುವುದು. ಕತ್ತಲಲ್ಲಿ ಸ್ಲೆಡ್ ಬಂದು ಗುದ್ದಬಾರದಲ್ಲ. ಮಾರ್ಚ್ ಮೊದಲ ಸೋಮವಾರ ದಕ್ಷಿಣದ ಕೆರೆಗಳಿಂದ, ಮೂರನೇ ಸೋಮವಾರ ಉತ್ತರದ ಕೆರೆಗಳಿಂದ ಮನೆಗಳನ್ನು ಎಳೆದುಕೊಂಡು ಹೋಗಬೇಕು. ತೆಗೆಯದವರ ಹಿಂದೆ ಬೀಳುವುದೂ ಇವರೇ.

ಕಸದ್ದು ದೊಡ್ಡ ನೋವು. ಸಾವಿರಾರು ಜನ ವಾರಗಟ್ಟಲೆ ಐಸ್ ಮೇಲೆ ಇರುತ್ತಾರೆ. ಬಾಟಲಿ, ಸಿಗರೇಟಿನ ತುಂಡು, ಮನುಷ್ಯರ ಮಲ ಕೂಡ ಹಾಗೇ ಬಿಡುತ್ತಾರೆ. ವಸಂತದಲ್ಲಿ ಐಸ್ ಕರಗಿದರೆ ಅದೆಲ್ಲ ನೀರಿಗೆ. ಅದೇ ನೀರಲ್ಲಿ ಮಕ್ಕಳು ಈಜುತ್ತಾರೆ. 2023ರಲ್ಲಿ ಕಾನೂನು ಬಂತು. ಕಸವನ್ನು ಆಗಿಂದಾಗಲೇ ಡಬ್ಬಿಯಲ್ಲೋ ಚೀಲದಲ್ಲೋ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ 100 ಡಾಲರ್ ದಂಡ. ನಾನು ನಮ್ಮ ಕ್ಲಬ್ಬಿನವರ ಜೊತೆ ಮಾರ್ಚಿನಲ್ಲಿ ಕಸ ಹೆಕ್ಕಲು ಹೋಗುತ್ತೇನೆ. ಐಸಿಗೆ ಅಂಟಿ ಕೂತ ಡೈಪರನ್ನು ಹಾರೆಯಿಂದ ಮೀಟಿ ತೆಗೆದಿದ್ದೇನೆ.

ಒಬ್ಬರೇ ತಿರುಗುವುದರ ಬಗ್ಗೆ ನನ್ನದೇ ಒಂದು ಘಟನೆ ಹೇಳುತ್ತೇನೆ.

ಕೆಲವು ವರ್ಷದ ಹಿಂದಿನ ಮಾತು, ಫೆಬ್ರವರಿ. ಹೆಂಡತಿ, ಮಗಳು ಸಂಡೂರಿಗೆ ಹೋಗಿದ್ದರು. ನಾನೊಬ್ಬನೇ ಟವರ್ ಊರಿನ ಕಡೆಯಿಂದ ವರ್ಮಿಲಿಯನ್ ಲೇಕ್ ಮೇಲೆ ಸ್ಲೆಡ್ ಓಡಿಸಿಕೊಂಡು ಹೋದೆ. ಆ ವಾರ ಎರಡು ಸಲ ಜೋರು ಹಿಮ ಬಿದ್ದಿತ್ತು. ಹಿಮ ಭಾರವಾದರೆ ಐಸನ್ನು ಕೆಳಗೆ ಒತ್ತುತ್ತದೆ. ಬಿರುಕಿನಿಂದ ನೀರು ಮೇಲೆ ಬಂದು ಹಿಮದ ಅಡಿಯಲ್ಲಿ ನಿಲ್ಲುತ್ತದೆ. ಮೇಲೆ ಹಿಮದ ಹೊದಿಕೆ ಇರುವುದರಿಂದ ಎಷ್ಟು ಚಳಿ ಇದ್ದರೂ ಅದು ಬೇಗ ಗಟ್ಟಿಯಾಗುವುದಿಲ್ಲ. ಸ್ಲಶ್ ಅನ್ನುತ್ತಾರೆ, ಗಂಜಿಯ ಹಾಗೆ ಇರುತ್ತೆ. ಮೇಲಿನಿಂದ ಏನೂ ಗೊತ್ತಾಗಲ್ಲ. ಸ್ಲೆಡ್ ನಿಧಾನ ಆಯಿತು, ಕುಸಿಯಿತು, ನಿಂತಿತು. ಇಳಿದೆ. ಮೊಣಕಾಲಿನವರೆಗೆ ನೀರು.

ಮೈನಸ್ 22 ಫ್ಯಾರನ್‌ಹೀಟ್. ಒಂದು ಗಂಟೆ ಒದ್ದಾಡಿದೆ. ಎತ್ತಲು ಆಗಲಿಲ್ಲ. ಬೆವರಿದೆ, ಅದು ಒಳಗೇ ತಣ್ಣಗಾಯಿತು. ಫೋನ್ ಚಳಿಗೆ ಸತ್ತುಹೋಗಿತ್ತು. ಸೂರ್ಯ ಮುಳುಗಿದ. ದಡದಲ್ಲಿ ಒಂದೂ ದೀಪ ಇಲ್ಲ, ಎಲ್ಲ ಬೇಸಿಗೆಯಲ್ಲಿ ಬರುವವರ ಮನೆಗಳು. ಪ್ಯಾಂಟ್ ಮರದ ಹಲಗೆಯ ಹಾಗೆ ಸೆಟೆದುಕೊಂಡಿತ್ತು. ನಡೆದುಬಿಡೋಣ ಅಂತ ಹೊರಟಿದ್ದೆ.

ದೂರದಲ್ಲಿ ಒಂದು ದೀಪ ಕಂಡಿತು. ಕೈ ಬೀಸಿದೆ. ಈಟಿಯವರ ಮನೆಗಳನ್ನು ನೋಡಿ ವಾಪಸ್ ಹೋಗುತ್ತಿದ್ದ ಆಫೀಸರ್. ಒಬ್ಬರೇ. ಹತ್ತಿರ ಬರದೆ ಗಟ್ಟಿ ಜಾಗದಲ್ಲೇ ಸ್ಲೆಡ್ ನಿಲ್ಲಿಸಿದರು. ನಡೆದುಕೊಂಡು ಬಂದರು. ಮೊದಲು ಒಣ ಕಾಲುಚೀಲ, ಕೈಗವಸು ಕೊಟ್ಟರು, ಅವರ ಚೀಲದಲ್ಲೇ ಇತ್ತು. ಇಬ್ಬರೂ ಸೇರಿ ಮುಂದಿನ ಹಿಮವನ್ನು ತುಳಿದು ತುಳಿದು ಗಟ್ಟಿ ಮಾಡಿದೆವು. ಸ್ಲೆಡ್ಡನ್ನು ಮಗ್ಗುಲಿಗೆ ಉರುಳಿಸಿ ಅದರ ಅಡಿಯಲ್ಲಿ ತಿರುಗುವ ಪಟ್ಟಿಯಲ್ಲಿ ಹೆಪ್ಪುಗಟ್ಟಿದ್ದನ್ನು ಕೆರೆದೆವು. ಹಗ್ಗ ಕಟ್ಟಿ ಎಳೆದರು. ಒಂದೂವರೆ ಗಂಟೆ ಹಿಡಿಯಿತು. ದಡದವರೆಗೂ ನನ್ನ ಹಿಂದೆಯೇ ಬಂದರು.

ದಡದಲ್ಲಿ ನಿಂತು ಒಂದು ಮಾತು ಕೇಳಿದರು. "ಎಲ್ಲಿಗೆ ಹೋಗ್ತೀನಿ, ಎಷ್ಟೊತ್ತಿಗೆ ಬರ್ತೀನಿ ಅಂತ ಯಾರಿಗೆ ಹೇಳಿ ಬಂದಿದ್ರಿ?" ಯಾರಿಗೂ ಹೇಳಿರಲಿಲ್ಲ. "ನಾನು ಹೊರಡುವಾಗ ಪ್ರತಿ ಸಲ ಹೇಳುತ್ತೇನೆ" ಅಂದರು.

ಮರುವರ್ಷ ನಾನು ಕ್ಲಾಸಿಗೆ ಪಾಠ ಹೇಳಲು ಸೇರಿದೆ. ಮೊದಲ ದಿನ ಮಕ್ಕಳಿಗೆ ಯಂತ್ರ ತೋರಿಸುವ ಮೊದಲು ನಾನು ಕೇಳುವುದು ಅದನ್ನೇ. ಇವತ್ತು ನೀವು ಇಲ್ಲಿದ್ದೀರಿ ಅಂತ ಮನೆಯಲ್ಲಿ ಯಾರಿಗೆ ಗೊತ್ತು?

ಕಾಕನಕೋಟೆ
ಬುಧವಾರ, ಬೆಳಿಗ್ಗೆ 6:45

ಅಪ್ಪ ಗಸ್ತಿಗೆ ಹೊರಡುವಾಗ ಅಮ್ಮನಿಗೆ ಯಾವ ಹಳ್ಳ ದಾಟುತ್ತೇನೆ, ಯಾವ ಕ್ಯಾಂಪಿನಲ್ಲಿ ಮಲಗುತ್ತೇನೆ ಅಂತ ಹೇಳಿಯೇ ಹೋಗುತ್ತಿದ್ದರು. ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ ಸರ್.

ಸಾಗರದವಳು
ಬುಧವಾರ, ರಾತ್ರಿ 8:20

ಅಣ್ಣಾ, ಯಜಮಾನರು ಸರ್ಟಿಫಿಕೇಟಿನ ಪಾಠ ಶುರು ಮಾಡಿದ್ದಾರೆ. ನಾನೂ ಜೊತೆಗೆ ಕೂತಿದ್ದೇನೆ. ಮೂರು ಜೊತೆ ಐಸ್ ಪಿಕ್ ತರಿಸಿದೆವು. ಮಗ ಒಂದನ್ನು ಕೊರಳಿಗೆ ಹಾಕಿಕೊಂಡು ಕಾರ್ಪೆಟ್ ಮೇಲೆ ಹೊಟ್ಟೆ ಎಳೆದು ಅಭ್ಯಾಸ ಮಾಡುತ್ತಿದ್ದಾನೆ. ಮುಂದಿನ ಶನಿವಾರ ಅದೇ ಕೆರೆಗೆ ಹೋಗುತ್ತೇವೆ. ಕೆರೆಯ ಹೆಸರು, ಕಾರು ನಿಲ್ಲಿಸುವ ಜಾಗ, ವಾಪಸ್ ಬರುವ ಹೊತ್ತು ಎಲ್ಲ ಬರೆದು ಪಕ್ಕದ ಮನೆಯ ಅಜ್ಜಿಗೆ ಕೊಟ್ಟಿದ್ದೇನೆ.

ಒಂದು ಫ್ಲಾಸ್ಕ್ ಕಾಫಿ ಜಾಸ್ತಿಯೇ ತೆಗೆದುಕೊಂಡು ಹೋಗುತ್ತೇನೆ.

ಸಂಡೂರು_ಟು_ರೇಂಜ್
ಬುಧವಾರ, ರಾತ್ರಿ 9:05

ಒಳ್ಳೆಯದಾಯಿತು ತಂಗಿ. ಹಾರೆ ಮರೆಯಬೇಡಿ. ಮಗನಿಗೆ ಹೇಳಿ, ಬಿಡುವ ಮೀನನ್ನು ಚಳಿಯಲ್ಲಿ ಹೊತ್ತು ಹಿಡಿದುಕೊಂಡು ಫೋಟೊ ತೆಗೆಯಬಾರದು. ಕಣ್ಣು, ಕಿವಿರು ಕ್ಷಣದಲ್ಲಿ ಹೆಪ್ಪುಗಟ್ಟುತ್ತವೆ. ತೂತಿನ ಪಕ್ಕದಲ್ಲೇ ಗಾಳ ಬಿಡಿಸಿ, ತಲೆ ಕೆಳಗೆ ಮಾಡಿ ನೀರಿಗೆ ಬಿಟ್ಟುಬಿಡಲಿ.